ಒಡಪಿಗೊಂದು ಬೀಟ್

"ಯಾರ್ರೀ ಇಲ್ಲಿ ನಾಟಕದ ಮಾಸ್ತರ?"

ಬಾಗಿಲಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬರು ನಿಂತಿದ್ದರು. ಕೈಯಲ್ಲಿ ಚೀಲ, ಮುಖದಲ್ಲಿ ಬೆಂಕಿ. ನಾನಾಗ ಒಂದು ಕಾಲೆತ್ತಿ ಹಿಪ್ ಹಾಪ್ ಸ್ಟೆಪ್ ತೋರಿಸುತ್ತಿದ್ದೆ. (ವಯಸ್ಸು ಐವತ್ತನಾಲ್ಕು. ಮೊಣಕಾಲಿನ ಸುದ್ದಿ ಕೇಳಬೇಡಿ.) ಕಾಲು ಇಳಿಸಿ, "ನಾನ ರೀ" ಎಂದೆ.

"ನಮ್ಮ ಭಾಗ್ಯಾನ್ನ ಕರಕೊಂಡು ಹೋಗಾಕ ಬಂದೇನಿ. ಸಾಕು ನಿಮ್ಮ ನಾಟಕ."

ನಿಮಗೆ ಗೊತ್ತಲ್ಲ, ವಾರಕ್ಕೆರಡು ದಿನ ನಾನು ಸಿಂದಗಿಗೆ ಹೋಗಿ ಎಂ.ಎ. ಓದುವ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳು. ಪೌರಾಣಿಕ ಸಂಭಾಷಣೆ ಕೊಟ್ಟರೆ ಆಕಳಿಸುತ್ತಾರೆ. ರ‍್ಯಾಪ್ ಅಂದರೆ ಬೆಂಚು ಹತ್ತಿ ನಿಲ್ಲುತ್ತಾರೆ. ಸರಿ, ರ‍್ಯಾಪಿನಲ್ಲೇ ನಾಟಕ ಕಟ್ಟಿ, ವಿಷಯ ಮಾತ್ರ ನಿಮ್ಮ ಊರಿನದೇ ಇರಲಿ ಎಂದೆ. ನಾನು ಹಾಕಿದ ನಿಯಮ ಒಂದೇ. ಹಾಡುವವರು ಮೊದಲು ತಮ್ಮ ಹೆಸರು ಹೇಳಬೇಕು, ಗಟ್ಟಿಯಾಗಿ.

ಭಾಗ್ಯಶ್ರೀ ಹೇಳಿದಳು. ಹೂವಿನ ಹಿಪ್ಪರಗಿಯ ಹುಡುಗಿ, ನಮ್ಮ ತಂಡದ ಬೆಸ್ಟ್ ಗಂಟಲು. "ನಾ ಭಾಗ್ಯಾ! ನನ್ನ ಮದಿವಿ ಮಾತು ನನ್ನ ಕೇಳಿ ಆಡ್ರಿ!" ಯಾರೋ ಪುಣ್ಯಾತ್ಮರು ಅದನ್ನು ಸ್ಟೇಟಸ್ಸಿಗೆ ಹಾಕಿದರು. ಆಕೆ ಬಸ್ ಹತ್ತುವ ಮೊದಲೇ ಅದು ಊರು ಮುಟ್ಟಿತ್ತು.

"ಬರೂ ಐತವಾರ ಹುಡುಗಿ ನೋಡಾಕ ಬರಾವ್ರಿದ್ರು" ಎಂದರು ತಾಯಿ. "ತನ್ನ ಹೆಸರು ತಾನ ಒದರೂ ಹುಡುಗಿ ನಮ್ಮ ಮನಿಗಿ ನಡಿಯಂಗಿಲ್ಲ ಅಂದಾರ. ಈಗ ಏನ್ ಮಾಡ್ಲಿ ಹೇಳ್ರಿ?"

ಭಾಗ್ಯಶ್ರೀ ಮೂಲೆಯಲ್ಲಿ ಅಳುತ್ತಿದ್ದಳು. ಪ್ರದರ್ಶನಕ್ಕೆ ಹತ್ತೇ ದಿನ. ಇವತ್ತು ನಾಟಕ ಬಿಡಿಸಿದವರು ನಾಳೆ ಓದು ಬಿಡಿಸುವುದಿಲ್ಲ ಎಂದು ಏನು ಗ್ಯಾರಂಟಿ? ಏನೂ ತೋಚದೆ, ಮಾಸ್ತರಿಕೆಯ ಚಟಕ್ಕೆ ರಜಿಸ್ಟರ್ ತೆಗೆದೆ. "ಪಾಲಕರ ಹೆಸರು ಬರಕೋಬೇಕ್ರಿ. ನಿಮ್ಮ ಯಜಮಾನರ ಹೆಸರೇನು?"

ಎಂಥ ದಡ್ಡ ಪ್ರಶ್ನೆ! ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೆ ಬರಿದೇ ಹೇಳಿಬಿಡುತ್ತಾಳೆಯೇ? ಬೆಂಕಿಯಾಗಿದ್ದ ಹೆಂಗಸು ಸೆರಗನ್ನು ಬಾಯಿಗೆ ಹಿಡಿದು ನಾಚಿದರು. "ಅಯ್ಯ, ಹಂಗ ಹೆಂಗ ಹೇಳೂದ್ರಿ!"

ಹುಡುಗಿಯರು ಬಿಡುತ್ತಾರೆಯೇ? "ಒಡಪ ಹಾಕ್ರಿ ಕಾಕೂ, ಒಡಪ!" (ಮದುವೆ, ತೊಟ್ಟಿಲ ಕಾರ್ಯಗಳಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಪೋಣಿಸಿ ಹೇಳುವುದೇ ಒಡಪು.) ಸಿಟ್ಟು ಇದ್ದರೇನಾಯಿತು, ಕೇಳಿದಾಗ ಒಡಪು ಹಾಕದಿದ್ದರೆ ಅವಮಾನ! ಅವರು ಚೀಲ ಕೆಳಗಿಟ್ಟರು.

"ಇಂಡಿ ಲಿಂಬಿಕಾಯಿ, ಕಚ್ಚಿದರ ಹುಳಿ,
ಸಿಂದಗಿ ಸಂತ್ಯಾಗ ತಂದೇನಿ ಬಳಿ,
ಶಿವಪುತ್ರಪ್ಪನೋರ ಸಿಟ್ಟಂದ್ರ ಬಿಸಲೇರಿದರ ಹೋಗೂ ಚಳಿ!"

ಆಲಮಟ್ಟಿಯ ಮಹಾಂತೇಶ ಬೆಂಚು ಬಡಿದು ಬೀಟ್ ಕೊಟ್ಟ. ಇನ್ನೊಂದು ಒಡಪು ಬಂತು. ಮತ್ತೊಂದು. ತಾಳ ತಪ್ಪಲಿಲ್ಲ, ಉಸಿರು ಕಟ್ಟಲಿಲ್ಲ. ಎರಡು ತಿಂಗಳಿಂದ ಯೂಟ್ಯೂಬ್ ನೋಡಿ ನೋಡಿ ನಾನು ಕಲಿಸಲು ಹೆಣಗುತ್ತಿದ್ದುದನ್ನು ಈ ತಾಯಿ ರೊಟ್ಟಿ ಬಡಿದಷ್ಟು ಸಲೀಸಾಗಿ ಮಾಡುತ್ತಿದ್ದರು.

ಆಗ ಭಾಗ್ಯಶ್ರೀ ಕಣ್ಣೊರೆಸಿಕೊಂಡು ಕೇಳಿದಳು. "ಅವ್ವಾ, ಅಪ್ಪನ ಹೆಸರಿಗಿ ಇಷ್ಟು ಒಡಪ ಬರ್ತಾವ. ನಿನ್ನ ಹೆಸರಿಗಿ ಒಂದರ ಐತೇನು?"

ಬೀಟ್ ನಿಂತಿತು.

"ನನ್ನ ಹೆಸರು ಯಾರು ಕೇಳ್ತಾರವ್ವ?" ಎಂದರು ತಾಯಿ, ನಗುತ್ತಲೇ. ನನಗೆ ಮಾತ್ರ ನಗು ಬರಲಿಲ್ಲ. ನಾನೂ ಕೇಳಿರಲಿಲ್ಲವಲ್ಲ! ಸಾಮಾಜಿಕ ಅರಿವು ಮೂಡಿಸುವ ಈ ಮಾಸ್ತರು ಯಜಮಾನರ ಹೆಸರಿಗೆ ಪೆನ್ನು ಹಿಡಿದು ಕೂತಿದ್ದರು. ನಾಚಿಕೆಯಾಯಿತು.

ಅವರು ಹಿಂದಿನ ಬೆಂಚಿನಲ್ಲಿ ಕುಳಿತು ಇಡೀ ತಾಲೀಮು ನೋಡಿದರು. ಮಗಳು ಹಾಡುವಾಗ ಅವರ ತುಟಿಯೂ ಅಲ್ಲಾಡುತ್ತಿತ್ತು. ಚೀಲದಲ್ಲಿದ್ದ ಶೇಂಗಾ ಹೋಳಿಗೆ ಎಲ್ಲರ ಕೈಗೂ ಬಂತು. (ಜಗಳಕ್ಕೆ ಬರುವಾಗಲೂ ಬುತ್ತಿ ಕಟ್ಟಿಕೊಂಡು ಬರುವ ಮಂದಿ ನಮ್ಮವರು.) ಬಸ್ಸಿನ ಹೊತ್ತಾದಾಗ ಒಬ್ಬರೇ ಎದ್ದರು.

"ಇರ್ಲಿ ಬಿಡ್ರಿ ಸರ, ಹಾಡ್ಲಿ. ಆ ಮಂದಿಗಿ ನಾನ ಹೇಳ್ತೇನಿ. ಹೆಸರು ಹೇಳೂ ಹುಡುಗಿ ನಿಮಗ ಸೇರಂಗಿಲ್ಲಂದ್ರ, ನಿಮ್ಮ ಮನಿ ನಮಗೂ ಸೇರಂಗಿಲ್ಲಂತ." ಬಾಗಿಲು ದಾಟಿದವರು ತಿರುಗಿ ನಿಂತರು. "ಮತ್ತ, ನನ್ನ ಹೆಸರು ನೀಲವ್ವ. ಹಾಡಿನ್ಯಾಗ ಅದೂ ಬರಬೇಕು ನೋಡ್ರಿ."

ಸಂಜೆ ಚಹಾ ಕುಡಿಯುತ್ತ ಇದನ್ನೆಲ್ಲ ನನ್ನಾಕೆಗೆ ಬಣ್ಣಿಸಿದೆ. ಆಕೆ ಕಪ್ಪು ಕೆಳಗಿಟ್ಟು, "ನೀಲವ್ವನ ಹೆಸರು ಹಾಡಿಗಿ ಬಂತು, ಛೊಲೋ ಆತು. ನಂದು?" ಎಂದಳು.

ಹನ್ನೊಂದು ವರ್ಷದಿಂದ ಈ ಅಂಕಣದಲ್ಲಿ 'ನನ್ನಾಕೆ', 'ನನ್ನಾಕೆ' ಎಂದು ಬರೆದು ನಿಮ್ಮನ್ನು ನಗಿಸಿದ್ದೇನೆ. ಆಕೆಯ ಉಪ್ಪಿಟ್ಟು ನಿಮಗೆ ಗೊತ್ತು, ಸಿಟ್ಟು ಗೊತ್ತು, ಸೊಂಟನೋವು ಕೂಡ ಗೊತ್ತು.

ಆಕೆಯ ಹೆಸರು ಶಾಂತಲಾ. ಹೇಳಬಾರದೆಂದು ನನ್ನನ್ನು ಯಾರು ತಡೆದಿದ್ದರು?