ಬಿಷಪ್ಪನ ಪಾಠ, ಅಪ್ಪನ ಸಮಾಧಿ

ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಯುರೋಪಿನ ಮಧ್ಯಯುಗದ ಪಾಠದಲ್ಲಿ ಒಬ್ಬ ಬಿಷಪ್ ಬರುತ್ತಾನೆ. ಹೆಸರಿಗೆ ಧರ್ಮಗುರು, ಕೆಲಸವೆಲ್ಲ ಅರಸನದು. ಅರಸನ ಮುದ್ರೆ ಇವನ ಕೈಯಲ್ಲಿ, ಕಂದಾಯ ಇವನ ಕೈಯಲ್ಲಿ, ಸಂಧಾನಕ್ಕೂ ಇವನೇ ಓಡಬೇಕು. ತನ್ನ ಚರ್ಚಿನ ಊರಿಗೆ ವರ್ಷಗಟ್ಟಲೆ ಕಾಲಿಡಲಿಲ್ಲ. ಕಳೆದ ವರ್ಷ ಒಬ್ಬ ಹುಡುಗಿ ಎದ್ದು, "ಮತ್ತ ಆ ಊರ ಮಂದಿ ಯಾರ ಮುಂದ ಅಳಬೇಕ್ರಿ, ಮೇಡಂ?" ಎಂದು ಕೇಳಿದಳು. ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಅದೇ ವಾರ ನಮ್ಮ ಮನೆಗೂ ಅಂಥವರೊಬ್ಬರು ಬಂದು ಹೋಗಿದ್ದರು.

ಸದಲಗಾ ಹತ್ತಿರದ ನಮ್ಮೂರ ಮಠದ ಸ್ವಾಮಿಗಳು. ನಮ್ಮ ಕಡೆ ಅಜ್ಜಾರು ಅನ್ನುತ್ತೇವೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಹೊಲದಲ್ಲೇ ಕೂರಿಸಿ ಹೂಳುತ್ತಾರೆ. ಹೂಳುವ ಮುಂಚೆ ಗುರು ಬಂದು ತಲೆಯ ಮೇಲೆ ಪಾದ ಇಡಬೇಕು. ಅಪ್ಪನ ತಲೆಯ ಮೇಲೆ ಪಾದ ಇಟ್ಟವರು ಇವರೇ. ಅದನ್ನೇ ನೆನೆದು ಅವ್ವ ಇಷ್ಟು ವರ್ಷ ಸಮಾಧಾನಪಟ್ಟಿದ್ದಳು. ಆಮೇಲೆ ಅಜ್ಜಾರಿಗೆ ನಮ್ಮ ಕಡೆಯ ಒಬ್ಬ ಮಂತ್ರಿಯ ಗೆಳೆತನ ಅಂಟಿತು. ಅವನ ಕಾರಿನಲ್ಲೇ ಓಡಾಟ, ಅವನ ಸಭೆಯಲ್ಲೇ ಆಶೀರ್ವಚನ. ಥೂ, ಆ ಕಾವಿ ಯಾಕಾದರೂ ಉಟ್ಟರೋ!

ಮಂತ್ರಿಯ ಕಾರ್ಖಾನೆಗೆ ಕಬ್ಬಿನ ಲಾರಿ ಹೋಗುವ ಹೊಸ ರಸ್ತೆ ಅಪ್ಪನ ಸಮಾಧಿಯ ಮೇಲೇ ಹಾಯಬೇಕಿತ್ತು. ಅಧಿಕಾರಿಗಳು ಬಂದರೆ ಅವ್ವ ಬೈದು ಕಳಿಸುತ್ತಿದ್ದಳು. ಅದಕ್ಕೇ ಅಜ್ಜಾರನ್ನು ಕಳಿಸಿದರು. ಹುಚ್ಚಿ, ನಮ್ಮವ್ವ! ದರ್ಶನ ಕೊಡಲು ಬಂದಿದ್ದಾರೆಂದು ತಿಳಿದು ಅಂಗಳ ಸಾರಿಸಿ, ಪಾದ ತೊಳೆದು, ಆ ನೀರನ್ನು ಕಣ್ಣಿಗೊತ್ತಿಕೊಂಡಳು. ಪಾದ ತೊಳೆದ ಮೇಲೆ ಗುರು ಕೇಳಿದ್ದಕ್ಕೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

"ಯವ್ವಾ, ಊರ ಕೆಲಸ ಐತಿ. ಸಮಾಧಿ ಆ ಕಡೆ ಬದುವಿಗೆ ಸರಸೂಣು. ಮಂತ್ರಿ ಸಾಹೇಬ್ರಿಗೆ ನಾ ಮಾತ ಕೊಟ್ಟೀನಿ," ಎಂದರು.

ನನಗೆ ತಡೆಯಲಾಗಲಿಲ್ಲ. "ನಾಚಿಕಿ ಆಗೂದಿಲ್ಲೇನ್ರಿ ನಿಮಗ?" ಎಂದು ಚೀರಿದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಜ್ಜಾರ, ಸಮಾಧಿ ಅಗಿಯೂ ದಿನ ನೀವ ಬಂದ ನಿಂದರ್ತೀರೇನ್ರಿ?"

"ಅವತ್ತ ಸಾಹೇಬ್ರ ಕೂಡ ಬೆಳಗಾವ್ಯಾಗ ಸಭಾ ಐತಿ. ಮಠದಿಂದ ಬ್ಯಾರೆ ಯಾರನ್ನರ ಕಳಸ್ತೀನಿ."

"ಹಂಗಾರ ಇಕಿ ಅಪ್ಪನ ತಲಿ ಮ್ಯಾಲ ಪಾದ ಇಡಾಕೂ ಬ್ಯಾರೆ ಯಾರನ್ನರ ಕಳಸಬೇಕಿತ್ತರಿ," ಎಂದಳು ಅವ್ವ. "ಸಮಾಧಿ ಅಲ್ಲೇ ಇರತೈತಿ. ನೀವ ಹೋಗ್ ಬರ್ರಿ."