ಮಾಸ್ತರರ ಕಾಲಡಿಯ ಬ್ರೇಕ್

ಹೋದ ವಾರ ನಮ್ಮೂರು ಇಂಡಿಯ ಗ್ಯಾರೇಜೊಂದಕ್ಕೆ ನನ್ನ ಕಾರು ತೋರಿಸಲು ಹೋಗಿದ್ದೆ. ಮೆಕ್ಯಾನಿಕ್ ತಗಡಿನ ತಾಟಿನಲ್ಲಿ ಡೀಸೆಲ್ ಸುರಿದು ಹಳೆಯ ಬಿಡಿಭಾಗಗಳನ್ನು ನೆನೆಹಾಕಿದ್ದ. ಅವುಗಳ ನಡುವೆ ಒಂದು ಬ್ರೇಕ್ ಪೆಡಲ್ ಇತ್ತು. ಸಾಮಾನ್ಯ ಪೆಡಲ್‌ಗಿಂತ ಗಿಡ್ಡ, ಬುಡದಲ್ಲಿ ಉದ್ದನೆಯ ಸರಳಿಗೆ ಬೆಸುಗೆ. ರಬ್ಬರ್ ನಡುವೆ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಗಾಡಿಗಳಲ್ಲಿ ಕಲಿಸುವವನು ಕೂರುವ ಎಡಗಡೆಯ ಸೀಟಿನ ಮುಂದೆ ಮಾತ್ರ ಇಂಥದ್ದು ಇರುತ್ತದೆ. ಯಾರ ಗಾಡಿಯದು ಎಂದು ಕೇಳಿದೆ. ಮೆಕ್ಯಾನಿಕ್ ಹೊಸಬ, ಗೊತ್ತಿಲ್ಲ ಎಂದ. ಆದರೆ ಆ ಡೀಸೆಲ್ ವಾಸನೆ ಮೂಗಿನಿಂದ ಹೋಗಲಿಲ್ಲ...

ನಮ್ಮ ಮನೆಯ ಎದುರಿಗೆ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದವರನ್ನು ಊರೆಲ್ಲ ಮಾಸ್ತರ್ ಎಂದೇ ಕರೆಯುತ್ತಿತ್ತು. ಲಿಂಬೆಹಣ್ಣಿನ ವ್ಯಾಪಾರಿಗಳು, ಆಸ್ಪತ್ರೆಯ ನರ್ಸುಗಳು, ಕೋರ್ಟಿನ ಗುಮಾಸ್ತರು ಅವರ ಕೈಯಲ್ಲಿ ಗಾಡಿ ಕಲಿತಿದ್ದರು. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನೂ ಅವರಲ್ಲೇ ಕಲಿತೆ. ಬೈಯುತ್ತಿರಲಿಲ್ಲ, ಕೈ ಮೇಲೆ ಹೊಡೆಯುತ್ತಿರಲಿಲ್ಲ. ಕಲಿಯುವವರ ಅಂಜಿಕೆ ಮೊದಲು ಹೋಗಬೇಕು ಎನ್ನುವುದು ಅವರ ಪದ್ಧತಿ.

"ಬ್ರೇಕ್ ಮ್ಯಾಲೆ ಕಾಲ ಇಡು ಸಾಕು. ಗಡಿಬಿಡಿ ಮಾಡಬ್ಯಾಡ. ಗಾಡಿ ನಿನ್ನ ಮಾತ ಕೇಳ್ತೈತಿ," ಎನ್ನುತ್ತಿದ್ದರು.

ಗಾಡಿ ಮಾತು ಕೇಳುತ್ತಲೂ ಇತ್ತು. ಪರೀಕ್ಷೆಯ ದಿನವೂ ಮಾಸ್ತರ್ ಪಕ್ಕದ ಸೀಟಿನಲ್ಲೇ ಇರುತ್ತಿದ್ದರು; ಅವರ ಹತ್ತಿರ ಕಲಿತವರು ಪಾಸಾಗದೆ ಬಂದದ್ದು ಕಡಿಮೆ. ಆದರೆ ಸ್ವಂತ ಕಾರು ಕೊಂಡ ಮೊದಲ ವರ್ಷ ಬಹಳ ಮಂದಿ ಎಲ್ಲಾದರೂ ಗುದ್ದುತ್ತಿದ್ದರು. ನಾನು ನಮ್ಮ ಮನೆಯ ಗೇಟಿಗೇ ಗುದ್ದಿದ್ದೆ. "ಮಾಸ್ತರರ ಸಾಲಿ ಕಲತಾನ, ಗ್ವಾಡಿ ಬಾಜೂಕ ನಿಲ್ಲಬ್ಯಾಡ್ರಿ," ಎಂದು ಓಣಿಯವರು ನಗುತ್ತಿದ್ದರು. ಮಾಸ್ತರರೂ ನಗುತ್ತಿದ್ದರು. ಹೀಗೇಕೆ ಆಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಅರವತ್ತು ದಾಟಿದ ಮೇಲೆ ಅವರಿಗೆ ಪರದೇಶದ ಹುಚ್ಚು ಹಿಡಿಯಿತು. ಅದು ಬಂದದ್ದು ಮೊಬೈಲಿನಿಂದ. ನ್ಯೂಜಿಲೆಂಡಿನಲ್ಲಿ ಯಾರೋ ಕಾರಿನ ಗಾಜಿನ ಹಿಂದೆ ಕ್ಯಾಮೆರಾ ಇಟ್ಟು, ಒಂದು ಮಾತೂ ಆಡದೆ, ದಿನವಿಡೀ ಗಾಡಿ ಓಡಿಸಿದ ವಿಡಿಯೊ. ನೀಲಿ ಸರೋವರ, ಅದರ ಅಂಚಿಗೆ ಹಾವಿನಂತೆ ಹರಿದ ರಸ್ತೆ, ಮುಂದೆ ಹಿಮದ ಗುಡ್ಡ. ಬೇರೆಯವರು ಗುಡ್ಡ ನೋಡುತ್ತಾರೆ. ಮಾಸ್ತರ್ ರಸ್ತೆ ನೋಡುತ್ತಿದ್ದರು.

"ಏನ್ರಿ ಪೇಪರ್‌ನವರ, ಇಲ್ಲಿ ನೋಡ್ರಿ. ಅಲ್ಲೂ ನಮ್ಮಂಗ ಎಡಗಡೆ ನಡೀತಾರ. ಹರದಾರಿಗಟ್ಟಲೆ ಹೋದ, ಒಮ್ಮೆರ ಹಾರ್ನ್ ಹೊಡದಾನೇನು?"

ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಕಾಕು ಒಳಗಿನಿಂದಲೇ ಉತ್ತರ ಕೊಟ್ಟರು: "ಹಾರ್ನ್ ಇಲ್ಲದ ದೇಶಕ್ಕ ಹೋಗಿ ನೀವೇನ ಮಾಡ್ತೀರಿ? ನಿಮ್ಮ ಬಾಯೇ ಒಂದ ಹಾರ್ನ್ ಐತಿ."

"ಕುರಿ ನೋಡ ಇವಳ, ಎಷ್ಟ ಅದಾವ!"

"ಕುರಿ ನೋಡಾಕ ವಿಮಾನ ಯಾಕ್ರಿ? ಹಲಸಂಗಿ ಹಾದಿ ಹಿಡೀರಿ, ಬೇಕಾದಷ್ಟ ಅದಾವ."

ಆದರೆ ಇದು ಬರೀ ಹುಚ್ಚಾಗಿರಲಿಲ್ಲ. ಅದೇ ಬೇಸಿಗೆಯಲ್ಲಿ ಮಾಸ್ತರ್ ಕಣ್ಣು ತೋರಿಸಲು ಸೊಲ್ಲಾಪುರಕ್ಕೆ ಹೋಗಿ ಬಂದಿದ್ದರು. ಕಣ್ಣಿನ ಒತ್ತಡದ ಕಾಯಿಲೆ. ಎರಡೂ ಕಣ್ಣಿನ ಅಂಚು ಆಗಲೇ ಕತ್ತಲಾಗಿತ್ತು. ಎದುರಿನದು ಮಾತ್ರ, ಕೊಳವೆಯೊಳಗಿಂದ ನೋಡಿದಂತೆ, ಕಾಣುತ್ತಿತ್ತು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು, ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಮಾಸ್ತರ್ ಮರುದಿನವೇ ಶಾಲೆಯ ಬೋರ್ಡ್ ಇಳಿಸಿದರು. ಅದರ ಬಗ್ಗೆ ಓಣಿಯಲ್ಲಿ ಯಾರೊಡನೆಯೂ ಚರ್ಚಿಸಲಿಲ್ಲ. ನನಗೆ ಹೇಳಿದ್ದು ಇಷ್ಟೇ: "ಕಣ್ಣ ಮುಚ್ಚೂದರಾಗ ಆ ರಸ್ತಾ ನೋಡಬೇಕ್ರಿ. ನಾ ಹೊಡಿಯಾಂಗಿಲ್ಲ. ಇಕಿ ಹೊಡೀತಾಳ."

ಕಾಕು ಅಲ್ಲಿಯವರೆಗೆ ಸ್ಕೂಟಿಯನ್ನೂ ಮುಟ್ಟಿದವರಲ್ಲ. ಊರಿಗೆಲ್ಲ ಕಲಿಸಿದವರ ಹೆಂಡತಿ ಮದುವೆಯಾದಾಗಿನಿಂದ ಎಡಗಡೆಯ ಸೀಟಿನಲ್ಲೇ ಕೂತವರು. ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಆಮೇಲೆ ಒಂದು ಮುಂಜಾನೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೇರಿಂಗ್ ಹಿಡಿದು ಕೂತರು. ಶಾಲೆ ಮುಚ್ಚಿದರೂ ಶಾಲೆಯ ಗಾಡಿ ಮನೆಯಲ್ಲೇ ಇತ್ತು. ಪಕ್ಕದಲ್ಲಿ ಮಾಸ್ತರ್, ಅವರ ಕಾಲಡಿಯಲ್ಲಿ ಎರಡನೆಯ ಬ್ರೇಕ್. ಹೊಲದ ಹಾದಿಯಲ್ಲಿ ಸುರುವಾದದ್ದು ಮಳೆಗಾಲ ಮುಗಿಯುವುದರೊಳಗೆ ಹೆದ್ದಾರಿಗೆ ಬಂತು. ಲೈಸೆನ್ಸೂ ಬಂತು. ಎಲ್ಲಿಗೆ ಹೋದರೂ ಮಾಸ್ತರ್ ಪಕ್ಕದಲ್ಲೇ ಇರುತ್ತಿದ್ದರು. ಕಾಕುವಿನ ನಡಿಗೆಯೇ ಬದಲಾಯಿತು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಸಂತೆಯಲ್ಲಿ ಯಾರಾದರೂ ಕೇಳಿದರೆ, "ಹೌದ್ರಿ, ನಾನ ಹೊಡೀತೇನಿ," ಎಂದು ಕಾಯಿಪಲ್ಲೆ ಚೀಲ ಹಿಂದಿನ ಸೀಟಿಗೆ ಎಸೆಯುತ್ತಿದ್ದರು.

ತಾಲೀಮಿಗೆಂದು ಪ್ರವಾಸದ ಒಂದೊಂದು ದಿನದ ಹಾದಿಯನ್ನೂ ಮಾಸ್ತರ್ ನಮ್ಮ ತಾಲೂಕುಗಳ ಮೇಲೆ ಹಾಸಿ ನೋಡಿದರು. ಆ ದೇಶದ ಮೊದಲ ದಿನದ ಹಾದಿ ಎಂದರೆ ಇಂಡಿಯಿಂದ ತಾಂಬಾ ಹಾದು ಸಿಂದಗಿ. ಎರಡನೆಯ ದಿನ ಸಿಂದಗಿಯಿಂದ ಬಸವನಬಾಗೇವಾಡಿ. ಮೂರನೆಯ ದಿನ ಮುದ್ದೇಬಿಹಾಳ. ಕೊನೆಗೆ ಆಲಮಟ್ಟಿಯ ಹಿನ್ನೀರು. ಒಂದೊಂದನ್ನೂ ಒಂದೊಂದು ಭಾನುವಾರ ಕಾಕು ಓಡಿಸಿದರು. ಕೆಲವು ಸಲ ನಾನು ಹಿಂದಿನ ಸೀಟಿನಲ್ಲಿದ್ದೆ.

"ಸಿಂದಗಿ ಬಂತು. ಇಲ್ಲಿ ಸರೋವರ."

"ಎಲ್ಲಿ ಐತ್ರಿ?"

"ಬಸ್‌ಸ್ಟ್ಯಾಂಡ್ ಹಿಂದ. ಮಳಿ ಆದ ಮ್ಯಾಲೆ ಬಾ, ತೋರಸ್ತೇನಿ."

"ಬಾಗೇವಾಡ್ಯಾಗ ಹಿಮ ಬಿದ್ದೈತೇನ ನೋಡ್ರಿ, ಸ್ವೆಟರ್ ತಗೀತೇನಿ," ಎಂದು ಕಾಕು ಗೇರ್ ಬದಲಿಸುತ್ತಿದ್ದರು. ಅಷ್ಟು ವರ್ಷ ಎದುರು ಮನೆಯಲ್ಲಿದ್ದೂ ಅವರಿಬ್ಬರೂ ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ವೀಸಾ ಆಯಿತು. ಸಂಕ್ರಾಂತಿ ಆದ ಮೇಲೆ ಹೊರಡುವುದು ಎಂದು ಟಿಕೆಟ್ ತೆಗೆಸಿದರು. ಆ ಹೊತ್ತಿಗೆ ಮಾಸ್ತರ್ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಓಡಾಡುತ್ತಿದ್ದರು. ಒಂದೇ ಒಂದು ತಾಲೀಮು ಬಾಕಿ ಇತ್ತು. ಅಲ್ಲಿ ಬಾಡಿಗೆಗೆ ಸಿಗುವುದು ಸಾಮಾನ್ಯ ಕಾರು. ಆದ್ದರಿಂದ ಒಂದು ಸಲ ಸಾಮಾನ್ಯ ಕಾರಿನಲ್ಲಿ ಹೋಗಿ ಬರಬೇಕು. ಮುದ್ದೇಬಿಹಾಳದಲ್ಲಿ ಅವರ ತಮ್ಮನ ಮನೆ. ಅಲ್ಲಿಯತನಕ ಶಾಲೆಯ ಗಾಡಿಯಲ್ಲಿ ಹೋಗಿ, ತಮ್ಮನ ಕಾರು ತೆಗೆದುಕೊಂಡು ಆಲಮಟ್ಟಿಗೆ ಹೊರಟೆವು. ಕಾಕು ಓಡಿಸುತ್ತಿದ್ದರು, ಮಾಸ್ತರ್ ಎಡಗಡೆ, ನಾನು ಹಿಂದೆ.

ಊರ ಹೊರಗಿನ ಆ ಮನೆಯಿಂದ ಹೊರಟಾಗಿನಿಂದ ರಸ್ತೆ ಖಾಲಿ ಇತ್ತು, ಬ್ರೇಕಿನ ಕೆಲಸವೇ ಬಿದ್ದಿರಲಿಲ್ಲ. ಕಾಲುವೆಯ ಮೇಲೆ ಒಂದು ಇಕ್ಕಟ್ಟಿನ ಸೇತುವೆ ಬರುತ್ತದೆ, ಒಂದು ಗಾಡಿ ಮಾತ್ರ ಹೋಗುವಂಥದ್ದು. ಆ ದೇಶದಲ್ಲೂ ಇಂಥ ಸೇತುವೆಗಳು ಬಹಳ ಇವೆ ಎಂದು ಮಾಸ್ತರ್ ಹೇಳುತ್ತಿದ್ದರು. ಆಚೆ ಕಡೆಯಿಂದ ಕಬ್ಬು ಹೇರಿದ ಟ್ರ್ಯಾಕ್ಟರ್, ಎರಡು ಟ್ರೇಲರ್ ಎಳೆದುಕೊಂಡು, ಆಗಲೇ ಸೇತುವೆ ಏರಿತ್ತು.

ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಕಾಕುವಿನ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ಅದರಲ್ಲಿ ಗಾಬರಿ ಇರಲಿಲ್ಲ. ಎಂದಿನಂತೆ ಕಾಲು ಬ್ರೇಕಿನ ಮೇಲಿಟ್ಟು, ಗಾಡಿ ನಿಲ್ಲುವುದನ್ನು ಕಾಯುತ್ತಿದ್ದರು. ಮಾಸ್ತರರ ಬಲಗಾಲು ಮುಂದಿನ ಚಾಪೆಯನ್ನು ಒತ್ತುತ್ತಿತ್ತು. ಮತ್ತೆ ಒತ್ತಿತು... ಮತ್ತೆ. ಅಲ್ಲಿ ಏನೂ ಇರಲಿಲ್ಲ. "ಹೊಡಿ, ಬ್ರೇಕ್ ಹೊಡಿ!" ಎಂದು ಅವರು ಕೂಗಿದಾಗ, ಇಟ್ಟ ಕಾಲಿಗೆ ಗಾಡಿ ನಿಲ್ಲದ್ದನ್ನು ಕಂಡ ಕಾಕು ಬ್ರೇಕ್ ಬಿಟ್ಟು ಸ್ಟೇರಿಂಗ್ ತಿರುಗಿಸಿದರು. ಕಾರು ಸೇತುವೆಯ ಕಟ್ಟೆಗೆ ಗುದ್ದಿ, ಮೂತಿ ಕಾಲುವೆಯ ಕಡೆ ಮಾಡಿ ನಿಂತಿತು.

ಟ್ರ್ಯಾಕ್ಟರಿನವನು ಇಳಿದು ಓಡಿ ಬಂದ. "ಗಾಡ್ಯಾಗ ಬ್ರೇಕ್ ಇಲ್ಲೇನ್ರಿ ಯವ್ವಾ?"

ಕಾಕುವಿನ ಬಲ ಮುಂಗೈ ಜೋತುಬಿದ್ದಿತ್ತು. ಅವರು ಅದನ್ನು ನೋಡಲೂ ಇಲ್ಲ. "ಕಾಲ ಇಟ್ಟಿದ್ನಲ್ಲೋ ತಮ್ಮಾ. ಪೆಡಲ್ ಇಳೀಲೇ ಇಲ್ಲ," ಎಂದರು.

ಶಾಲೆಯ ಗಾಡಿಯಲ್ಲಿ ಎರಡೂ ಪೆಡಲ್‌ಗಳು ಒಂದಕ್ಕೊಂದು ಜೋಡಿಸಿರುತ್ತವೆ. ಮಾಸ್ತರ್ ತಮ್ಮ ಕಡೆ ಒತ್ತಿದರೆ ಕಲಿಯುವವರ ಕಡೆಯದೂ ತಾನಾಗಿ ಕೆಳಗಿಳಿಯುತ್ತದೆ. ಅದರ ಮೇಲೆ ಕಾಲಿಟ್ಟವರಿಗೆ ತಾವೇ ಒತ್ತಿದೆವು ಎನಿಸುತ್ತದೆ. ನಮ್ಮ ಊರಿನ ಗೋಡೆಗಳಿಗೆ, ನನ್ನ ಮನೆಯ ಗೇಟಿಗೆ ಆದದ್ದೇನೆಂದು ನನಗೆ ಆ ಸೇತುವೆಯ ಮೇಲೆ ತಿಳಿಯಿತು. ಕಾಕುವಿಗೂ ಅಲ್ಲೇ ತಿಳಿಯಿತು. ಮುದ್ದೇಬಿಹಾಳದ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕುವಾಗ ಅವರು ಗಂಡನ ಕಡೆ ತಿರುಗದೆ ಕೇಳಿದರು.

"ಎಂದಿನಿಂದ?"

"ಏನು?"

"ನನ್ನ ಬದಲಿ ನೀವು ಒತ್ತಾಕತ್ತಿದ್ದು."

ಮಾಸ್ತರ್ ತಮ್ಮ ಬಲಗಾಲು ನೋಡಿಕೊಂಡರು. "ನನಗ ಗೊತ್ತಾಗತಿರಲಿಲ್ಲ. ಕಾಲ ತಾನ ಹೋಗತಿತ್ತು. ರೂಢಿ," ಎಂದರು.

"ಗೊತ್ತಿತ್ತು ನಿಮಗ."

ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಹೇಳಲಾರೆ. ಹೆಂಡತಿ ಅಂಜಬಾರದು ಎಂದು ಮೆಲ್ಲಗೆ ಒತ್ತಿರಬಹುದು. ಅಥವಾ ಮೂವತ್ತು ವರ್ಷ ಅದೇ ಸೀಟಿನಲ್ಲಿ ಕೂತವರ ಕಾಲು ಒಡೆಯನನ್ನು ಕೇಳುವುದನ್ನೇ ಬಿಟ್ಟಿರಬಹುದು...

ಸಂಕ್ರಾಂತಿಯ ಟಿಕೆಟ್ ರದ್ದಾಯಿತು. ಆದರೆ ವೀಸಾದ ಅವಧಿ ಇನ್ನೂ ಇತ್ತು. ಪ್ಲಾಸ್ಟರ್ ತೆಗೆಯುವಷ್ಟರಲ್ಲಿ ಮಾಸ್ತರ್ ಮೆಕ್ಯಾನಿಕ್‌ನನ್ನು ಕರೆಸಿ ಶಾಲೆಯ ಗಾಡಿಯ ಎಡಗಡೆಯ ಬ್ರೇಕ್ ಪೆಡಲನ್ನು ಬಿಚ್ಚಿಸಿದ್ದರು. ಯುಗಾದಿಯೊಳಗೆ ಹೋಗಿ ಬರಬಹುದು ಎಂದು ಹೇಳುತ್ತಿದ್ದರು. ಎದುರಿನ ಕೊಳವೆಯೂ ಕಿರಿದಾಗುತ್ತಿದೆ ಎಂದು ನಮಗೆಲ್ಲ ಕಾಣುತ್ತಿತ್ತು. ತಾಟಿನಲ್ಲಿಯ ರೊಟ್ಟಿಯನ್ನು ಕೈಯಿಂದ ಹುಡುಕುತ್ತಿದ್ದರು. ಕಾಕು ಒಂದು ದಿನ ಓಡಿಸಿ ನೋಡಲು ಒಪ್ಪಿದರು. ಹಿಂದಿನ ಸೀಟಿನಲ್ಲಿ ನಾನಿರಬೇಕು ಎಂದೂ ಹೇಳಿದರು.

ಮಾಸ್ತರ್ ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಬಕ್ಕಳ ಹಾಕಿ ಕೂತರು. "ಇಗಾ ನೋಡು, ಕಾಲ ಮ್ಯಾಲೆ ತಗೊಂಡೇನಿ. ಈಗ ನೀನ ಹೊಡೀಬೇಕು, ನೀನ ನಿಲ್ಲಸಬೇಕು."

ಗಾಡಿ ತಾಂಬಾ ರಸ್ತೆ ಹಿಡಿಯಿತು. ಕಾಕು ಎತ್ತಿನ ಗಾಡಿಯ ವೇಗದಲ್ಲಿ ಹೊರಟರು. ಒಂದು ಆಕಳು ಅಡ್ಡ ಬಂದಾಗ ತಾವೇ ಬ್ರೇಕ್ ಹೊಡೆದರು. ಸರಿಯಾಗಿಯೇ ನಿಂತಿತು. "ಹಾಂ! ಕಲತಿ ನೋಡು!" ಎಂದು ಮಾಸ್ತರ್ ತೊಡೆ ತಟ್ಟಿಕೊಂಡರು. ಮತ್ತೆ ಸ್ವಲ್ಪ ದೂರ ಹೋದೆವು. ಒಂದು ಬೇವಿನ ಮರದ ಕೆಳಗೆ ಕಾಕು ಗಾಡಿ ಬದಿಗೆ ತಂದು ಎಂಜಿನ್ ಬಂದ್ ಮಾಡಿದರು.

"ಯಾಕ?"

"ನಾ ರಸ್ತಾ ನೋಡಾಕತ್ತಿಲ್ಲರಿ. ನಿಮ್ಮ ಕಾಲ ನೋಡಾಕತ್ತೇನಿ. ಕೆಳಗ ಇಳೀತಾವೇನೋ ಅಂತ."

"ಇಳ್ಯಾಂಗಿಲ್ಲ. ಆಣಿ ಮಾಡ್ತೇನಿ. ಬೇಕಂದ್ರ ಕಾಲ ಕಟ್ಟಿ ಹಾಕು."

"ಬ್ಯಾಡ್ರಿ. ಅಲ್ಲಿ ಮಂದಿ ಅದಾರ, ಮಕ್ಕಳು ಅದಾರ. ಯಾರನರ ಕೊಲ್ಲೂದು ನನಗ ಬ್ಯಾಡ."

ಇಳಿದು ಹಿಂದಿನ ಸೀಟಿಗೆ ಬಂದು ಕೂತರು. ನಾನು ಗಾಡಿ ಓಡಿಸಿಕೊಂಡು ಬಂದೆ. ಮನೆ ಮುಟ್ಟುವತನಕ ಮಾಸ್ತರ್ ಕಾಲು ಕೆಳಗಿಳಿಸಲಿಲ್ಲ.

ಬಸ್ಸಿನಲ್ಲಿ ಊರು ತೋರಿಸುವ ಪ್ರವಾಸಗಳಿವೆ, ಅದರಲ್ಲಿ ಹೋಗಿ ಬನ್ನಿ ಎಂದು ನಾನೇ ಹೇಳಿದ್ದೆ. ಮಾಸ್ತರ್ ಬೇಡವೆಂದು ತಲೆ ಆಡಿಸಿದರು. ಕಾಕು ಕೇಳಿಸಿಕೊಳ್ಳದವರಂತೆ ಒಳಗೆ ಹೋದರು. ವೀಸಾದ ಅವಧಿ ಮುಗಿಯಿತು. ಮುಂದಿನ ಮಳೆಗಾಲಕ್ಕೆ ಮಾಸ್ತರರಿಗೆ ಬೆಳಕು-ಕತ್ತಲೆಯ ವ್ಯತ್ಯಾಸ ಮಾತ್ರ ಉಳಿದಿತ್ತು, ಆಮೇಲೆ ಅದೂ ಹೋಯಿತು. ಕಾಕು ಅವರನ್ನು ಚೆನ್ನಾಗಿ ನೋಡಿಕೊಂಡರು. ಅದರಲ್ಲಿ ಕೊರತೆ ಇರಲಿಲ್ಲ. ಆದರೆ ಕಟ್ಟೆಯ ಮೇಲೆ ಕೂತಾಗ ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಆ ದೇಶದ ಹೆಸರು ಆ ಮನೆಯಲ್ಲಿ ಮತ್ತೆ ಕೇಳಿಸಲಿಲ್ಲ. ಹೋದ ಚಳಿಗಾಲದಲ್ಲಿ ಮಾಸ್ತರ್ ತೀರಿಕೊಂಡರು. ನಮ್ಮ ಪತ್ರಿಕೆಯ ನಿಧನ ವಾರ್ತೆಯಲ್ಲಿ ನಾನೇ ನಾಲ್ಕು ಸಾಲು ಬರೆದೆ. ಸಾವಿರಾರು ಮಂದಿಗೆ ಚಾಲನೆ ಕಲಿಸಿದವರು ಎಂದು ಬರೆದು, ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ಕೂತಿದ್ದೆ.

ಗ್ಯಾರೇಜಿನಿಂದ ಬಂದ ಸಂಜೆ ಕಾಕುವಿನ ಮನೆಗೆ ಹೋದೆ. ಚಹಾ ಕೊಟ್ಟರು. ತಾವಾಗಿಯೇ ಸುರು ಮಾಡಿದರು.

"ಕಡೀಕ ಕಡೀಕ ಒಂದ ಮಾತ ಕೇಳಿದ್ರು ನೋಡ್ರಿ. 'ಅವತ್ತ ಆ ದೇಶಕ್ಕ ಹೋಗಿದ್ರ ನೀ ಹೊಡೀತಿದ್ದಿ ಇಲ್ಲೋ?' ಅಂತ. ಹೊಡೀತಿದ್ದೆ ಅಂದಿದ್ರ ಸಮಾಧಾನ ಆಗತಿತ್ತು ಅವರಿಗೆ."

"ಏನಂದ್ರಿ ಕಾಕು?"

"ನನಗ ಹ್ಯಾಂಗ ಗೊತ್ತಾಗಬೇಕ್ರಿ, ಅಂದೆ."

ಚಹಾದ ಕಪ್-ಬಸಿ ಎತ್ತಿಕೊಂಡು ಒಳಗೆ ಹೋದರು. ನೀರಿನ ಸಪ್ಪಳ ಕೇಳಿಸಿತು. ನಾನು ಕಾಯುತ್ತ ಕೂತೆ. ಅವರು ಬಹಳ ಹೊತ್ತು ಹೊರಗೆ ಬರಲಿಲ್ಲ.