ಗಿರಿಜಕ್ಕನ ಮೂರನೆಯ ಉತ್ತರ

ಬೇರೆಯವರು ಕೆಲಸ ಮಾಡುವುದನ್ನು ನೋಡಬೇಕಾದಾಗ ಗಿರಿಜಕ್ಕ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕೂರುತ್ತಿದ್ದರು. ಕೈ ಹೊರಗಿದ್ದರೆ ತಾನಾಗಿಯೇ ಎದುರಿನವರ ಕೀಲಿಮಣೆಗೆ ಹೋಗುತ್ತದೆ, ಆಮೇಲೆ ಅವರಿಗೆ ಎಲ್ಲಿ ಕಷ್ಟವಾಯಿತೆಂದು ನಮಗೆ ತಿಳಿಯುವುದಿಲ್ಲ ಎಂಬುದು ಅವರ ವಾದ. ಬಾಯಿಗೂ ಅದೇ ಶಿಕ್ಷೆ. ಒಂದು ಲವಂಗ ಹಾಕಿಕೊಂಡು ತುಟಿ ಬಿಗಿಹಿಡಿಯುತ್ತಿದ್ದರು. ಐವತ್ತು ದಾಟಿದ ಹೆಂಗಸು ಹಾಗೆ ಕೂತದ್ದನ್ನು ಮೊದಲ ಸಲ ನೋಡಿದಾಗ ನನಗೆ ನಗು ತಡೆಯುವುದು ಕಷ್ಟವಾಗಿತ್ತು.

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಗಿರಿಜಕ್ಕ ಅದೇ ಕೋಣೆಯಲ್ಲಿ ಬಹಳ ವರ್ಷ ಟೈಪಿಂಗ್ ಕಲಿಸಿದವರು. ಟೈಪಿಂಗ್ ಯಂತ್ರಗಳು ಮೂಲೆ ಸೇರಿದ ಮೇಲೆ ಕಂಪ್ಯೂಟರ್ ಕಲಿಸುತ್ತ, ಕಲಿಸುತ್ತಲೇ ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ನಾನು ಸೇರುವ ಹೊತ್ತಿಗೆ ಅವರು ಆನ್‌ಲೈನಿನಲ್ಲಿ ಹಣ ಕಟ್ಟಿಸಿಕೊಳ್ಳುವ ಒಂದು ಎಪಿಐ ಕಟ್ಟಲು ಹೊರಟಿದ್ದರು. ಕಾಲೇಜಿಗೋ ಅಂಗಡಿಗೋ ಆ್ಯಪ್ ಬರೆಯುವವರು ಬ್ಯಾಂಕಿನ ಗೊಡವೆಗೆ ಹೋಗದೆ ನಮ್ಮ ಪ್ರೋಗ್ರಾಮಿಗೆ ‘ಇಂಥವರಿಂದ ಇಷ್ಟು ಹಣ ಕಟ್ಟಿಸಿಕೊಡು’ ಎಂದು ಹೇಳಬೇಕು. ನಮ್ಮದು ಬ್ಯಾಂಕನ್ನು ವಿಚಾರಿಸಿ ಉತ್ತರ ಕೊಡಬೇಕು. ಹೇಗೆ ಕೇಳಬೇಕು, ಏನು ಉತ್ತರ ಬರಬೇಕು ಎಂದು ಗೊತ್ತುಮಾಡುವ ಕೆಲಸ ನನ್ನದು. ನನಗೆ ಕೋಪ ಮೂಗಿನ ತುದಿಯಲ್ಲಿ, ಜಂಬ ಅದಕ್ಕಿಂತ ಸ್ವಲ್ಪ ಮೇಲೆ.

ಮೊದಲ ಪರೀಕ್ಷೆಗೆ ಹಡಗಲಿಯಿಂದ ಒಬ್ಬ ಪ್ರೋಗ್ರಾಮರನ್ನು ಕರೆಸಿದರು. ನಾನು ಬರೆದ ನಾಲ್ಕು ಪುಟಗಳನ್ನು ಅವನ ಮುಂದಿಟ್ಟು, ನೂರು ರೂಪಾಯಿ ಕಟ್ಟಿಸಿಕೊಳ್ಳಲು ಹೇಳಿ, ಅಂಗೈ ಮೇಲೆ ಕೂತರು. ಪಾಪ, ಅರ್ಧ ಗಂಟೆ ಬೆವರು ಸುರಿಸಿ ಅವನು ಕಟ್ಟಿಸಿಕೊಂಡದ್ದು ಒಂದು ರೂಪಾಯಿ. ಮೊತ್ತವನ್ನು ಪೈಸೆಯಲ್ಲಿ ಬರೆಯಬೇಕೆಂದು ಮೂರನೆಯ ಪುಟದ ಕೊನೆಯಲ್ಲಿ ನಾನು ಸ್ಪಷ್ಟವಾಗಿ ಬರೆದಿದ್ದೆ. ಓದದಿದ್ದರೆ ನಾನೇನು ಮಾಡಲಿ ಎಂದು ನಕ್ಕೆ. ಗಿರಿಜಕ್ಕ ನಗಲಿಲ್ಲ. ಅವನು ಹೋದ ಮೇಲೆ ಲವಂಗ ಉಗಿದು ಕೇಳಿದರು: “ನಾಳಿ ಅವ ತನ್ನ ಊರಾಗ ಕುಂತು ಬರಿತಾನ. ಮಗ್ಗಲಾಗ ನೀ ಕುಂತಿರ್ತಿಯೇನು ತಮ್ಮಾ?”

‘ಮೊತ್ತ’ ಎಂದಿದ್ದ ಜಾಗದ ಹೆಸರನ್ನೇ ಅವತ್ತು ‘ಪೈಸೆಯಲ್ಲಿ ಮೊತ್ತ’ ಎಂದು ಬದಲಿಸಿದೆ. ತುಂಬಬೇಕಿದ್ದ ಒಂಬತ್ತು ವಿವರಗಳು ಮೂರಕ್ಕೆ ಇಳಿದವು. ಒಳಗೊಳಗೇ ಉರಿಯುತ್ತಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಮರುವರ್ಷ ನಡೆದದ್ದಕ್ಕೆ ಮಾತ್ರ ನಗುವಂತಿಲ್ಲ. ಒಂದು ನರ್ಸಿಂಗ್ ಕಾಲೇಜು ಪ್ರವೇಶದ ಶುಲ್ಕವನ್ನು ನಮ್ಮ ಮೂಲಕ ಕಟ್ಟಿಸಿಕೊಳ್ಳುತ್ತಿತ್ತು. ಕೊನೆಯ ದಿನ ಸಂಜೆ ಇಟ್ಟಿಗಿಯ ಹನುಮವ್ವ ಎಂಬ ತಾಯಿ ಮಗಳ ಸೀಟಿಗೆ ಫೋನಿನಲ್ಲಿ ಹಣ ಕಟ್ಟಿದಳು. ಬ್ಯಾಂಕಿನಿಂದ ಅರ್ಧ ನಿಮಿಷ ಉತ್ತರ ಬರಲಿಲ್ಲ. ಅಷ್ಟು ಹೊತ್ತು ಕಾದ ನನ್ನ ಪ್ರೋಗ್ರಾಮು ಕಾಲೇಜಿಗೆ ‘ಪಾವತಿ ಆಗಿಲ್ಲ’ ಎಂದು ಹೇಳಿಬಿಟ್ಟಿತು; ಹನುಮವ್ವನ ಫೋನಿಗೂ ಅದೇ ಉತ್ತರ ಹೋಯಿತು. ಆದರೆ ಅವಳ ಖಾತೆಯಿಂದ ಹಣ ಹೋಗಿಯಾಗಿತ್ತು. ಬೆಳಿಗ್ಗೆ ಬ್ಯಾಂಕಿನ ಪಟ್ಟಿ ನೋಡುತ್ತಿದ್ದ ಗಿರಿಜಕ್ಕ ಅದನ್ನು ಕಂಡುಹಿಡಿದರು. ಕಾಲೇಜಿಗೆ ಫೋನ್ ಮಾಡಿದರೆ, ಹುಡುಗಿಯ ಹೆಸರು ಬಿಟ್ಟು ಪಟ್ಟಿ ಮಾಡಿಯಾಗಿದೆ, ಮಧ್ಯಾಹ್ನ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಬದಲಿಸಬೇಕಾದರೆ ತಪ್ಪು ಯಾರದೆಂದು ಬರವಣಿಗೆಯಲ್ಲಿ ಬೇಕು ಎಂದರು.

ತಪ್ಪು ಬ್ಯಾಂಕಿನದು, ನಾವ್ಯಾಕೆ ಬರೆದುಕೊಟ್ಟು ಸಿಕ್ಕಿಹಾಕಿಕೊಳ್ಳಬೇಕು ಎಂದು ನಾನು ಹಾರಾಡಿದೆ. ಗಿರಿಜಕ್ಕ ಆಗಲೇ ಪತ್ರ ಟೈಪ್ ಮಾಡುತ್ತಿದ್ದರು. ತಲೆ ಎತ್ತದೆ ಹೇಳಿದರು: “ಬ್ಯಾಂಕು ಸುಮ್ನಿತ್ತು ತಮ್ಮಾ. ಆಗಿಲ್ಲ ಅಂತ ಹೇಳಿದೋರು ನಾವು.”

ಪತ್ರ ಹಿಡಿದು ತಾವೇ ಹೋದರು. ಪ್ರಾಂಶುಪಾಲರು ಪಟ್ಟಿ ತಿದ್ದಿದರು, ಸೀಟು ಉಳಿಯಿತು. ಮುಂದಿನ ತಿಂಗಳು ಆ ಕಾಲೇಜು ನಮ್ಮನ್ನು ಬಿಟ್ಟಿತು. ಅದೇ ನಮಗಿದ್ದ ದೊಡ್ಡ ಗಿರಾಕಿ.

ಸೀಟು ಉಳಿದ ಸುದ್ದಿಯನ್ನು ಹನುಮವ್ವನಿಗೆ ಅವತ್ತೇ ಫೋನಿನಲ್ಲಿ ಹೇಳಿದ್ದಾಗಿತ್ತು. ಆದರೂ ತಪ್ಪನ್ನು ಎದುರಿಗೇ ಒಪ್ಪಿಕೊಳ್ಳಬೇಕೆಂದು, ಪತ್ರ ಕೊಟ್ಟ ಮರುದಿನ ನನ್ನನ್ನೂ ಇಟ್ಟಿಗಿಗೆ ಎಳೆದುಕೊಂಡು ಹೋದರು. ಹನುಮವ್ವ ಬೈಯುತ್ತಾಳೆಂದು ನಾನು ತಯಾರಾಗಿದ್ದೆ. ಅವಳು ಚಹಾ ಕೊಟ್ಟಳು. ನಾವು ಎಲ್ಲ ಹೇಳಿ ಮುಗಿಸಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ನಾನ ಏನೋ ತಪ್ಪು ಒತ್ತೀನಿ ಅನ್ಕೊಂಡಿದ್ದೆ ನೋಡ್ರಿ. ಓದು ಬರದಾಕಿ ಮಗಳ ಓದು ಕೆಡಿಸಿಬಿಟ್ಟೆ ಅಂತ ಅವತ್ತ ರಾತ್ರಿ ಕೂಳು ಇಳೀಲಿಲ್ಲ” ಅಂದಳು.

ಬಸ್ಸಿನಲ್ಲಿ ಗಿರಿಜಕ್ಕ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಅಳುತ್ತಿದ್ದರು. ಹನುಮವ್ವ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ವಾರವೇ ‘ಆಯಿತು’, ‘ಆಗಿಲ್ಲ’ಗಳ ಜೊತೆಗೆ ನಮ್ಮ ಎಪಿಐ ಮೂರನೆಯ ಉತ್ತರ ಕಲಿಯಿತು: ‘ಇನ್ನೂ ಗೊತ್ತಾಗಿಲ್ಲ. ಮತ್ತೆ ಕಟ್ಟಬೇಡಿ. ವಿಚಾರಿಸಿ ನಾವೇ ತಿಳಿಸುತ್ತೇವೆ.’ ಪ್ರತಿ ಪಾವತಿಗೂ ಅದರದೇ ಒಂದು ಸಂಖ್ಯೆ ಬಂತು. ಅದೇ ಸಂಖ್ಯೆಯಲ್ಲಿ ಹತ್ತು ಸಲ ಕೇಳಿದರೂ ಹಣ ಹೋಗುವುದು ಒಂದೇ ಸಲ. ಆ ವಾಕ್ಯಗಳನ್ನು ಗಿರಿಜಕ್ಕ ನನ್ನಿಂದ ಗಟ್ಟಿಯಾಗಿ ಓದಿಸಿ, ಕೆಳಗಿನ ಗೊಬ್ಬರದಂಗಡಿಯವರಿಗೆ ಅರ್ಥವಾಯಿತೇ ಎಂದು ಕೇಳಿಕೊಂಡು ಬಂದ ಮೇಲೆಯೇ ಒಪ್ಪಿದರು. ಗಿರಾಕಿಗಳು ನಿಧಾನಕ್ಕೆ ಬಂದರು. ಕೊಟ್ಟೂರಿನವರು, ಕೂಡ್ಲಿಗಿಯವರು, ಕೊನೆಗೆ ಒಂದು ರೂಪಾಯಿ ಕಟ್ಟಿಸಿಕೊಂಡ ಆ ಹಡಗಲಿಯವನೂ.

ಕೆಲವು ವರ್ಷಗಳ ನಂತರ ಗಿರಿಜಕ್ಕನ ಕಿಡ್ನಿಗಳು ಕೈಕೊಟ್ಟವು. ದಾವಣಗೆರೆಯ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ ಆಫೀಸಿನ ವಿಷಯ ಒಂದೂ ಕೇಳಲಿಲ್ಲ. “ಆ ಇಟ್ಟಿಗಿ ಹುಡುಗಿ ಓದು ಮುಗಿಸಿದಳೇನು?” ಅಂದರು. ಮುಗಿಸಿದ್ದಾಳೆ ಅಂದುಬಿಡೋಣ, ಸಮಾಧಾನವಾಗಲಿ ಅನ್ನಿಸಿತು. ನಾಲಿಗೆ ತುದಿಯವರೆಗೆ ಬಂದಿತ್ತು.

“ಗೊತ್ತಿಲ್ಲಕ್ಕ. ಕೇಳ್ಕೊಂಡು ಬರ್ತೀನಿ” ಅಂದೆ. ಅವರು ಸರಿ ಎಂಬಂತೆ ಕಣ್ಣು ಮುಚ್ಚಿದರು.

ಭಾನುವಾರ ಇಟ್ಟಿಗಿಗೆ ಹೋದೆ. ಮಗಳು ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಳೆಂದು ಹನುಮವ್ವ ಫೋನಿನಲ್ಲಿ ಫೋಟೋ ತೋರಿಸಿದಳು. ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡು, ನಾಳೆ ಬೆಳಿಗ್ಗೆಯೇ ದಾವಣಗೆರೆಗೆ ಹೋಗುವುದೆಂದು ಬಸ್ಸು ಹತ್ತಿದೆ. ಹರಪನಹಳ್ಳಿಯಲ್ಲಿ ಇಳಿಯುವಾಗ ಗಿರಿಜಕ್ಕನ ಅಣ್ಣನ ಫೋನು ಬಂತು. ನಾನು ಹನುಮವ್ವನ ಮನೆಯಲ್ಲಿ ಕೂತಿದ್ದ ಹೊತ್ತಿಗೇ ಅಕ್ಕ ಹೋಗಿದ್ದರು.

ಸುಳ್ಳಾದರೂ ಅವತ್ತೇ ‘ಹೂಂ’ ಅಂದಿದ್ದರೆ ಕೇಳಿಕೊಂಡು ಹೋಗುತ್ತಿದ್ದರಲ್ಲ ಎಂದು ಈಗಲೂ ಅನ್ನಿಸುತ್ತದೆ. ಆದರೆ ಅಕ್ಕ ಆ ‘ಹೂಂ’ ನಂಬುತ್ತಿರಲಿಲ್ಲ. ನನ್ನ ಮುಖ ನೋಡಿಯೇ ಹಿಡಿದುಬಿಡುತ್ತಿದ್ದರು.